ರೂಟರ್‌ನಲ್ಲಿ ಪೋರ್ಟ್ ತೆರೆಯಬೇಡಿ, ಬೇರೆ ದಾರಿ ಇದೆ

ನೀವು ಕೇಳಿದ್ದು ಇಷ್ಟು, ಅಲ್ವಾ? ಮನೆಯಲ್ಲಿ ವಿಂಡೋಸ್ 11 ಪ್ರೊ ಇರುವ ಡೆಸ್ಕ್‌ಟಾಪ್ ಇದೆ. ಮನೆಯ ವೈಫೈಯಲ್ಲಿ ಇರುವಾಗ ಲ್ಯಾಪ್‌ಟಾಪ್‌ನಿಂದ ರಿಮೋಟ್ ಡೆಸ್ಕ್‌ಟಾಪ್ (ಒಂದು ಕಂಪ್ಯೂಟರನ್ನು ಇನ್ನೊಂದರಿಂದ ತೆರೆದು ಬಳಸುವ ವಿಂಡೋಸ್ ಸೌಲಭ್ಯ) ಸಲೀಸಾಗಿ ಸಿಗುತ್ತದೆ, ಹೊರಗೆ ಹೋದ ಕೂಡಲೇ ಸಿಗುವುದಿಲ್ಲ. ರೂಟರ್‌ನಲ್ಲಿ 3389 ಪೋರ್ಟ್ ಫಾರ್ವರ್ಡ್ ಮಾಡಿದರೂ, ಅಂದರೆ ಹೊರಗಿನಿಂದ ಆ ನಂಬರಿನ ಬಾಗಿಲಿಗೆ ಬಂದದ್ದನ್ನು ಮನೆಯ ಕಂಪ್ಯೂಟರ್‌ಗೆ ಕಳಿಸುವ ಹಾಗೆ ಇಟ್ಟರೂ, ಆಗಲಿಲ್ಲ. ಮುಂದಿನ ವಾರದಿಂದ ಒಂದು ತಿಂಗಳು ನೀವು ಮನೆಯಲ್ಲಿ ಇರುವುದಿಲ್ಲ.

ಮೊದಲು ಒಂದು ಕೆಲಸ ಮಾಡಿ. ಇದನ್ನು ಓದುವುದು ನಿಲ್ಲಿಸಿ ರೂಟರ್‌ಗೆ ಲಾಗಿನ್ ಆಗಿ, ಆ ಫಾರ್ವರ್ಡ್ ರೂಲ್ ಅಳಿಸಿಬಿಡಿ. ಅದು ಕೆಲಸ ಮಾಡದೇ ಇದ್ದದ್ದೇ ಒಳ್ಳೆಯದಾಯಿತು. 3389 ಎಂದರೆ ರಿಮೋಟ್ ಡೆಸ್ಕ್‌ಟಾಪ್ ಎಂದು ಎಲ್ಲರಿಗೂ ಗೊತ್ತು, ಆ ಪೋರ್ಟ್ ಎಲ್ಲೆಲ್ಲಿ ತೆರೆದಿದೆ ಎಂದು ಹುಡುಕಿ ಒಂದಾದ ಮೇಲೊಂದು ಪಾಸ್‌ವರ್ಡ್ ಹಾಕಿ ನೋಡುವ ಪ್ರೋಗ್ರಾಮ್‌ಗಳು ಹಗಲೂ ರಾತ್ರಿ ಓಡುತ್ತಲೇ ಇರುತ್ತವೆ. 2019ರ ಮೇ ತಿಂಗಳಲ್ಲಿ ಬ್ಲೂಕೀಪ್ ಎಂಬ ದೋಷ ಹೊರಬಂತು. ಹಳೆಯ ವಿಂಡೋಸ್‌ಗಳ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಪಾಸ್‌ವರ್ಡೇ ಇಲ್ಲದೆ ಒಳಗೆ ನುಗ್ಗಬಹುದಾದ ತೂತು ಅದು. ಎಷ್ಟು ಗಂಭೀರ ಎಂದರೆ, ಬೆಂಬಲ ನಿಲ್ಲಿಸಿ ಐದು ವರ್ಷ ಆಗಿದ್ದ ವಿಂಡೋಸ್ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ಪ್ಯಾಚ್ (ದೋಷ ಮುಚ್ಚುವ ಅಪ್‌ಡೇಟ್) ಕೊಟ್ಟಿತು. 3389 ಬಿಟ್ಟು ಬೇರೆ ನಂಬರ್ ಇಟ್ಟುಕೊಳ್ಳಿ ಎಂದು ಕೆಲವರು ಹೇಳುತ್ತಾರೆ. ಅದು ಮನೆ ನಂಬರ್ ಬದಲಾಯಿಸಿದ ಹಾಗೆ, ಬೀಗ ಅದೇ ಇರುತ್ತದೆ.

ನಿಮಗೆ ಯಾಕೆ ಕೆಲಸ ಮಾಡಲಿಲ್ಲ ಎಂಬುದಕ್ಕೂ ಬಹುಶಃ ಉತ್ತರ ಇದೆ. ರೂಟರ್‌ನ ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ ಎಂದು ಒಂದು ವಿಳಾಸ ಇರುತ್ತದೆ, ಇಂಟರ್‌ನೆಟ್ ಕಡೆಗೆ ರೂಟರ್‌ಗೆ ಸಿಕ್ಕಿರುವ ನಂಬರ್ ಅದು. ಬ್ರೌಸರ್‌ನಲ್ಲಿ ‘ನನ್ನ ಐಪಿ ಯಾವುದು’ ಎಂದು ಹುಡುಕಿದರೆ ಇನ್ನೊಂದು ಸಿಗುತ್ತದೆ. ಎರಡೂ ಒಂದೇ ಆಗಿರಬೇಕು. ಬೇರೆ ಬೇರೆ ಇದ್ದರೆ, ಅದರಲ್ಲೂ ರೂಟರ್ ತೋರಿಸುವುದು 100.64ರಿಂದ 100.127ರ ಒಳಗೆ ಶುರುವಾದರೆ, ನಿಮ್ಮ ಇಂಟರ್‌ನೆಟ್ ಕಂಪನಿ ಎಷ್ಟೋ ಮನೆಗಳನ್ನು ಒಂದೇ ಹೊರಗಿನ ವಿಳಾಸದ ಹಿಂದೆ ಕೂರಿಸಿದೆ ಎಂದು ಅರ್ಥ. ಇದಕ್ಕೆ ಸಿಜಿ-ನ್ಯಾಟ್ ಎನ್ನುತ್ತಾರೆ. ಆಗ ನಿಮ್ಮ ರೂಟರ್‌ನಲ್ಲಿ ಎಷ್ಟು ಪೋರ್ಟ್ ತೆರೆದರೂ ಹೊರಗಿನಿಂದ ಬಂದದ್ದು ನಿಮ್ಮ ಮನೆ ತನಕ ತಲುಪುವುದೇ ಇಲ್ಲ. ಸುಮ್ನೆ ರೂಟರ್ ಜೊತೆ ಗುದ್ದಾಡಬೇಡಿ.

ನಾನು ಬಳಸುವುದು ಟೇಲ್‌ಸ್ಕೇಲ್. ಒಬ್ಬರು ಬಳಸುವಷ್ಟಕ್ಕೆ ಉಚಿತ. ವೈರ್‌ಗಾರ್ಡ್ ಎಂಬ ವಿಪಿಎನ್ (ಇಂಟರ್‌ನೆಟ್ ಮೇಲೆ ನಿಮ್ಮ ಸಾಧನಗಳನ್ನಷ್ಟೇ ಜೋಡಿಸುವ ಖಾಸಗಿ ದಾರಿ) ಮೇಲೆ ಕಟ್ಟಿದ್ದು. ಮನೆಯ ಕಂಪ್ಯೂಟರ್‌ನಲ್ಲಿ ಒಂದು ಸಲ, ಲ್ಯಾಪ್‌ಟಾಪ್‌ನಲ್ಲಿ ಒಂದು ಸಲ ಹಾಕಿ, ಎರಡರಲ್ಲೂ ಒಂದೇ ಖಾತೆಯಿಂದ ಲಾಗಿನ್ ಆದರೆ ಆಯಿತು. ಎರಡಕ್ಕೂ 100 ರಿಂದ ಶುರುವಾಗುವ ಒಂದೊಂದು ವಿಳಾಸ ಸಿಗುತ್ತದೆ, ನೀವು ಎಲ್ಲೇ ಇದ್ದರೂ ಆ ವಿಳಾಸ ಬದಲಾಗುವುದಿಲ್ಲ. ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಮನೆಯ ಕಂಪ್ಯೂಟರ್‌ನ ಆ ವಿಳಾಸ ಹಾಕಿ, ಅಷ್ಟೇ. ಎರಡೂ ಕಡೆಯಿಂದ ಹೊರಗೆ ಹೋಗುವ ಕನೆಕ್ಷನ್‌ಗಳನ್ನೇ ಬಳಸಿಕೊಂಡು ಅದು ದಾರಿ ಮಾಡಿಕೊಳ್ಳುತ್ತದೆ, ಹಾಗಾಗಿ ಸಿಜಿ-ನ್ಯಾಟ್ ಅಡ್ಡ ಬರುವುದಿಲ್ಲ, ರೂಟರ್ ಮುಟ್ಟಬೇಕಾಗಿಯೂ ಇಲ್ಲ. ಆ ಖಾತೆಗೆ ಎರಡು ಹಂತದ ಲಾಗಿನ್ ಇಡುವುದು ಮರೆಯಬೇಡಿ, ಈಗ ನಿಮ್ಮ ಮನೆಯ ಬೀಗದ ಕೈ ಅದೇ.

ತಿಂಗಳುಗಟ್ಟಲೆ ಹೋಗುವವರು ಇದರಲ್ಲಿ ಎರಡು ಸೆಟ್ಟಿಂಗ್ ನೋಡಲೇಬೇಕು. ಒಂದು, ಮನೆಯ ಕಂಪ್ಯೂಟರ್‌ನಲ್ಲಿ ಟೇಲ್‌ಸ್ಕೇಲ್ ಪ್ರಿಫರೆನ್ಸಸ್‌ನಲ್ಲಿ ‘ರನ್ ಅನ್‌ಅಟೆಂಡೆಡ್’ ಆನ್ ಮಾಡಿ. ಇಲ್ಲದಿದ್ದರೆ ಕಂಪ್ಯೂಟರ್ ರೀಸ್ಟಾರ್ಟ್ ಆದಾಗ ಯಾರಾದರೂ ಅದರ ಮುಂದೆ ಕೂತು ಲಾಗಿನ್ ಆಗುವ ತನಕ ವಿಪಿಎನ್ ಮೇಲೇಳುವುದಿಲ್ಲ. ಇನ್ನೊಂದು, ಸಾಮಾನ್ಯವಾಗಿ 180 ದಿನಕ್ಕೊಮ್ಮೆ ಪ್ರತಿ ಸಾಧನವೂ ಮತ್ತೆ ಲಾಗಿನ್ ಕೇಳುತ್ತದೆ. ವೆಬ್‌ನ ಅಡ್ಮಿನ್ ಪುಟದಲ್ಲಿ ಮನೆಯ ಕಂಪ್ಯೂಟರ್‌ಗೆ ಮಾತ್ರ ಕೀ ಎಕ್ಸ್‌ಪೈರಿ ಆಫ್ ಮಾಡಿಡಿ.

ಪಾಸ್‌ವರ್ಡ್ ವಿಷಯದಲ್ಲಿ ತುಂಬಾ ಜನ ಸಿಕ್ಕಿಬೀಳುತ್ತಾರೆ. ದಿನಾ ಕಂಪ್ಯೂಟರ್ ತೆರೆಯಲು ಹಾಕುವ ನಾಲ್ಕಾರು ಅಂಕಿಯ ಪಿನ್ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ನಡೆಯುವುದಿಲ್ಲ. ಅಲ್ಲಿ ಬೇಕಾದ್ದು ಖಾತೆಯ ಪೂರ್ತಿ ಪಾಸ್‌ವರ್ಡ್. ಮೈಕ್ರೋಸಾಫ್ಟ್ ಖಾತೆಯಾದರೆ, ಹೊರಡುವ ಮುಂಚೆ ಆ ಕಂಪ್ಯೂಟರ್‌ನಲ್ಲಿ ಪಿನ್ ಬಿಟ್ಟು ಪಾಸ್‌ವರ್ಡ್ ಹಾಕಿ ಒಮ್ಮೆಯಾದರೂ ಲಾಗಿನ್ ಆಗಿ.

ವಿಂಡೋಸ್ ಹೋಮ್ ಇರುವವರೂ ಇದನ್ನು ಓದಬಹುದು, ಅವರಿಗೊಂದು ಮಾತು. ವಿಂಡೋಸ್ ಹೋಮ್ ಇರುವ ಕಂಪ್ಯೂಟರ್‌ಗೆ ಹೊರಗಿನಿಂದ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಬರಲು ಆಗುವುದಿಲ್ಲ. ಕ್ರೋಮ್ ರಿಮೋಟ್ ಡೆಸ್ಕ್‌ಟಾಪ್ ಹಾಕಿಕೊಳ್ಳಿ, ಗೂಗಲ್ ಖಾತೆ ಮತ್ತು ಕನಿಷ್ಠ 6 ಅಂಕಿಯ ಪಿನ್ ಸಾಕು. ಆದರೆ ನೀವು ಮಾಡುತ್ತಿರುವುದೆಲ್ಲ ಮನೆಯ ಮಾನಿಟರ್‌ನಲ್ಲಿ ಕಾಣುತ್ತಿರುತ್ತದೆ, ಆದ್ದರಿಂದ ಮಾನಿಟರ್ ಆಫ್ ಮಾಡಿ ಹೋಗಿ.

ಈಗ ನಿಜವಾಗಿ ಕೈ ಕೊಡುವ ಜಾಗಕ್ಕೆ ಬರುತ್ತೇನೆ. ಕನೆಕ್ಷನ್ ಅಲ್ಲ, ಕಂಪ್ಯೂಟರ್ ಎಚ್ಚರ ಇರುವುದು. ಒಮ್ಮೆ ನಾನು ಎಲ್ಲ ಸರಿಯಾಗಿ ಹೊಂದಿಸಿ ಹೋಗಿದ್ದೆ, ಮೂರು ದಿನ ಚೆನ್ನಾಗಿ ನಡೆಯಿತು. ನಾಲ್ಕನೇ ದಿನ ಬೆಳಗ್ಗೆ ಟೇಲ್‌ಸ್ಕೇಲ್ ಪಟ್ಟಿಯಲ್ಲಿ ಮನೆಯ ಕಂಪ್ಯೂಟರ್ ಪಕ್ಕದ ಹಸಿರು ಚುಕ್ಕೆ ಬೂದು ಆಗಿತ್ತು. ರಾತ್ರಿ ಕರೆಂಟ್ ಹೋಗಿ ಬಂದಿದೆ. ರೂಟರ್ ತಾನಾಗಿ ಎದ್ದಿದೆ, ಕಂಪ್ಯೂಟರ್ ಎದ್ದಿಲ್ಲ. ಅವತ್ತು ಸಂಜೆ ಕಳಿಸಲೇಬೇಕಾದ ಕೆಲಸ ಅದರೊಳಗೆ ಇತ್ತು. ಅಮ್ಮನಿಗೆ ಫೋನ್ ಮಾಡಿ ಬಟನ್ ಒತ್ತಿಸಿದ್ದರಿಂದ ಬಚಾವಾದೆ. ಮನೆ ಖಾಲಿ ಇದ್ದಿದ್ದರೆ ಏನೂ ಮಾಡುವ ಹಾಗಿರಲಿಲ್ಲ.

ಹಾಗಾಗಿ ಬಯೋಸ್‌ಗೆ (ವಿಂಡೋಸ್ ಶುರುವಾಗುವ ಮುಂಚೆ ತೆರೆಯುವ ಮದರ್‌ಬೋರ್ಡ್ ಸೆಟ್ಟಿಂಗ್ ಪುಟ) ಹೋಗಿ ‘ರಿಸ್ಟೋರ್ ಆನ್ ಎಸಿ ಪವರ್ ಲಾಸ್’ ಅಥವಾ ಅದೇ ಅರ್ಥದ ಸೆಟ್ಟಿಂಗ್ ಹುಡುಕಿ ‘ಪವರ್ ಆನ್’ ಮಾಡಿ. ಕರೆಂಟ್ ಬಂದ ಕೂಡಲೇ ಕಂಪ್ಯೂಟರ್ ತಾನಾಗಿ ಶುರುವಾಗುತ್ತದೆ. ವಿಂಡೋಸ್‌ನ ಪವರ್ ಸೆಟ್ಟಿಂಗ್‌ನಲ್ಲಿ ಸ್ಕ್ರೀನ್ ಆಫ್ ಆಗಲಿ, ಸ್ಲೀಪ್ ಮಾತ್ರ ‘ನೆವರ್’ ಇರಲಿ. ಕರೆಂಟ್ ಬಿಲ್ ಸ್ವಲ್ಪ ಜಾಸ್ತಿ ಬರುತ್ತದೆ, ನಿಜ.

ಅದು ಬೇಡ ಎಂದರೆ ವೇಕ್ ಆನ್ ಲ್ಯಾನ್ ಇದೆ. ಮಲಗಿರುವ ಕಂಪ್ಯೂಟರ್‌ನ ನೆಟ್‌ವರ್ಕ್ ಕಾರ್ಡ್ ಮಾತ್ರ ಎಚ್ಚರ ಇದ್ದು ಒಂದು ಸಣ್ಣ ಸಂದೇಶಕ್ಕೆ ಕಾಯುತ್ತಿರುತ್ತದೆ. ಅದು ಬಂದರೆ ಕಂಪ್ಯೂಟರ್ ಎದ್ದೇಳುತ್ತದೆ. ನನಗಂತೂ ಇದು ಬಹಳ ಚೆಂದದ ಏರ್ಪಾಡು ಅನ್ನಿಸುತ್ತದೆ. ಆದರೆ ಆ ಸಂದೇಶವನ್ನು ಮನೆಯೊಳಗಿನಿಂದಲೇ ಯಾರಾದರೂ ಕಳಿಸಬೇಕು, ಯಾಕೆಂದರೆ ಮಲಗಿರುವ ಕಂಪ್ಯೂಟರ್‌ನಲ್ಲಿ ಟೇಲ್‌ಸ್ಕೇಲ್ ಕೂಡ ಮಲಗಿರುತ್ತದೆ. ರಾಸ್ಪ್‌ಬೆರಿ ಪೈ ಥರದ ಒಂದು ಪುಟ್ಟ ಕಂಪ್ಯೂಟರ್, ಸದಾ ಆನ್ ಇರುವುದು, ಮನೆಯಲ್ಲಿ ಇದ್ದರೆ ಮಾತ್ರ ಈ ದಾರಿ ಹಿಡಿಯಿರಿ. ಕೇಬಲ್ ಹಾಕಿರಬೇಕು, ವೈಫೈ ನಂಬಬೇಡಿ. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಕೂಡ ಆಫ್ ಮಾಡಿ, ಅದು ಇದಕ್ಕೆ ತೊಂದರೆ ಕೊಡುತ್ತದೆ. ಒಂದು ವಾರದಲ್ಲಿ ಇದನ್ನೆಲ್ಲ ಹೊಸದಾಗಿ ಕಲಿಯುವ ಬದಲು ನೀವು ಸ್ಲೀಪ್ ಆಫ್ ಮಾಡಿ ಹೋಗುವುದೇ ಒಳ್ಳೆಯದು.

ಕೊನೆಗೆ ಪರೀಕ್ಷೆ. ಅದೇ ವೈಫೈಯಲ್ಲಿ ಕೂತು ನೋಡಿದರೆ ಏನೂ ಗೊತ್ತಾಗುವುದಿಲ್ಲ. ಲ್ಯಾಪ್‌ಟಾಪನ್ನು ಫೋನಿನ ಮೊಬೈಲ್ ಡೇಟಾಗೆ ಹಾಟ್‌ಸ್ಪಾಟ್ ಮೂಲಕ ಜೋಡಿಸಿ, ಪಕ್ಕದ ಕೋಣೆಯಲ್ಲಿ ಕೂತು ಕನೆಕ್ಟ್ ಆಗಿ. ಅಲ್ಲಿಂದಲೇ ಮನೆಯ ಕಂಪ್ಯೂಟರ್‌ಗೆ ರೀಸ್ಟಾರ್ಟ್ ಕೊಡಿ. ಎದ್ದು ಹೋಗಿ ಏನನ್ನೂ ಮುಟ್ಟದೆ ಕೆಲವು ನಿಮಿಷ ಕಾಯಿರಿ, ಮತ್ತೆ ಕನೆಕ್ಟ್ ಆಗಬೇಕು. ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್‌ಗೆ ಶುರುವಿನಲ್ಲೇ ಪಿನ್ ಕೇಳುವ ಹಾಗೆ ಇಟ್ಟಿದ್ದರೆ ಇಲ್ಲೇ ನಿಂತುಬಿಡುತ್ತದೆ, ಈಗಲೇ ಗೊತ್ತಾಗಲಿ. ಆಮೇಲೆ ಕಂಪ್ಯೂಟರ್ ಶಟ್‌ಡೌನ್ ಮಾಡಿ, ಗೋಡೆಯ ಸ್ವಿಚ್ ಆಫ್ ಮಾಡಿ, ಒಂದು ನಿಮಿಷ ಬಿಟ್ಟು ಆನ್ ಮಾಡಿ. ಬಟನ್ ಮುಟ್ಟದೆ ಅದು ತಾನಾಗಿ ಎದ್ದು ಪಟ್ಟಿಯಲ್ಲಿ ಹಸಿರು ಚುಕ್ಕೆ ಬಂತಾ ನೋಡಿ. ಬರದಿದ್ದರೆ ಮದರ್‌ಬೋರ್ಡ್ ಯಾವುದು ಎಂದು ಇಲ್ಲೇ ಬರೆಯಿರಿ, ಬಯೋಸ್‌ನಲ್ಲಿ ಆ ಸೆಟ್ಟಿಂಗ್ ಎಲ್ಲಿದೆ ಎಂದು ಹುಡುಕೋಣ.