ಉತ್ತರ: ಎರೆಭೂತ ಕಂಡೈತಿ ಅಂತ ಹೇಳಿದ್ರೆ ಹೊಲ ಹೋಗುತ್ತಾ?

ಅಣ್ಣಾರೆ, ಸಿರುಗುಪ್ಪ ಕಡೆ ನಿಮ್ಮ ಎರಿಹೊಲದಾಗ ಎರೆಭೂತ, ಅಂದ್ರ ಗ್ರೇಟ್ ಇಂಡಿಯನ್ ಬಸ್ಟರ್ಡ್ ಅನ್ನೋ ದೊಡ್ಡ ಹಕ್ಕಿ, ಕಂಡೈತಿ, ಫಾರೆಸ್ಟ್‌ನೋರಿಗೆ ಹೇಳಿದ್ರೆ ಹೊಲ ಕಿತ್ಕೊಂತಾರೇನು ಅಂತ ಕೇಳೀರಿ. ಹಂಗೇನಿಲ್ರಿ. ಹಕ್ಕಿ ಬಂದು ಮೇಯ್ದು ಹೋದ ಮಾತ್ರಕ್ಕೆ ಪಟ್ಟಾ ಜಮೀನು ಯಾರೂ ತಗೊಳ್ಳಾಕ ಬರಲ್ಲ. ಅಭಯಾರಣ್ಯ ಮಾಡ್ಬೇಕಂದ್ರೂ ಅಧಿಸೂಚನೆ ಆಗ್ಬೇಕು, ಹಕ್ಕುದಾರರ ಅಹವಾಲು ಕೇಳ್ಬೇಕು, ಜಮೀನು ತಗೊಂಡ್ರೆ ಪರಿಹಾರ ಕೊಡ್ಬೇಕು, 1972ರ ವನ್ಯಜೀವಿ ಕಾಯ್ದೆನಾಗೇ ಐತಿ ಇದು.

ಅದೇ ಕಾಯ್ದೆಯ 2002ರ ತಿದ್ದುಪಡಿನಾಗ ಸಮುದಾಯ ಮೀಸಲು (ಪ್ರಾಣಿ-ಪಕ್ಷಿ ಉಳಿಸಾಕ ಊರೋರು ಬಿಟ್ಟುಕೊಡೋ ಜಾಗ) ಅಂತ ಬಂತು, ಖಾಸಗಿ ಜಮೀನಿನೋರು ತಾವಾಗೇ ಮುಂದೆ ಬಂದ್ರೆ ಅಷ್ಟೇ ಅದು, ಆದ್ರ ಒಮ್ಮೆ ಘೋಷಣೆ ಆತಂದ್ರ ಭೂಮಿ ಬಳಕೆ ಬದಲಾಯಿಸಾಕ ಆ ಮೀಸಲು ನೋಡ್ಕೊಳ್ಳೋ ಸಮಿತಿ ಠರಾವು, ಸರ್ಕಾರದ ಒಪ್ಪಿಗೆ ಎರಡೂ ಬೇಕು, ಹಂಗಾಗಿ ಸಹಿ ಹಾಕೋಕಿಂತ ಮೊದ್ಲು ಓದಿಸಿ ಕೇಳ್ರಿ.

ನಿಮ್ಮ ಭಯ ತಪ್ಪು ಅಂತ ನಾ ಅನ್ನಲ್ಲ. ಬೋರ್ ಹಾಕ್ಸೋದು, ಸಾಲ ತಗೊಳ್ಳೋದು ಎಲ್ಲಾ ನಿಂತು ಹೋದ್ರ ಏನ್ಗತಿ ಅಂತ ಯಾವ ರೈತಗಾದ್ರೂ ಅನಿಸ್ತದ, ಅಧಿಕಾರಿಗಳೇ ಊರಿಗೆ ಬಂದು ಕಟ್ಟಿ ಮ್ಯಾಲೆ ಕುಂತು ಹೇಳ್ಬೇಕು. ಹೊಲ ಬೀಳು ಬಿಡ್ರಿ ಅಂತ ಪುಕ್ಕಟೆ ಕೇಳೋದೂ ನ್ಯಾಯ ಅಲ್ಲ, ಎಕರೆ ಲೆಕ್ಕದಾಗ ರೊಕ್ಕ ಕೊಡ್ಬೇಕು.

ಆದ್ರ ಈ ಹಕ್ಕಿ ಇಡೀ ದೇಶದಾಗ 200 ಕೂಡ ಉಳಿದಿಲ್ರಿ, ಸಾಮಾನ್ಯವಾಗಿ ಬರೇ ನೆಲದ ಮ್ಯಾಲೆ ಒಂದೇ ತತ್ತಿ ಇಡ್ತದ, ಸುಮಾರು ನಾಲ್ಕು ವಾರ ಕಾವು. ತತ್ತಿ ಕಂಡ್ರ ಆ ಜಾಗ ಬಿಟ್ಟು ಕುಂಟಿ ಹೊಡೀರಿ, ನಾಯಿ ಬಿಡಬ್ಯಾಡ್ರಿ. ಮಿಡತೆ, ಹುಳ ತಿಂತದ, ಎಣ್ಣಿ (ಕೀಟನಾಶಕ) ಹೊಡಿಯೋದು ಕಡಿಮಿ ಮಾಡಿದ್ರ ಚಲೋ. ಯಾವ ಹೊಲ ಅಂತ ಇಲ್ಲಿ ಬರೀಬ್ಯಾಡ್ರಿ, ಕ್ಯಾಮೆರಾದೋರು ಮುತ್ಕೊಂತಾರ, ಆರ್‌ಎಫ್‌ಓಗೆ (ವಲಯ ಅರಣ್ಯ ಅಧಿಕಾರಿಗೆ) ಮಾತ್ರ ತಿಳಿಸ್ರಿ.