ನಲಿಕಲಿಯಿಂದ ನಾಲ್ಕನೇ ತರಗತಿಗೆ: ಮುಖ್ಯಶಿಕ್ಷಕರು ಮಾಡಬಹುದಾದದ್ದು

ಸರ್ಕಾರಿ ಶಾಲೆಗಳಲ್ಲಿ ಒಂದರಿಂದ ಮೂರನೇ ತರಗತಿಯವರೆಗಿನ ಮಕ್ಕಳಿಗೆ ಚಟುವಟಿಕೆಗಳ ಮೂಲಕ ಕಲಿಸುವ ನಲಿಕಲಿ ಪದ್ಧತಿಯಲ್ಲಿ ಚುರುಕಾಗಿದ್ದ ಮಕ್ಕಳು ನಾಲ್ಕನೇ ತರಗತಿಗೆ ಬಂದೊಡನೆ ಮಂಕಾಗುತ್ತಾರೆ, ಹೊಸದಾಗಿ ಮುಖ್ಯಶಿಕ್ಷಕರಾಗಿರುವ ತಾವು ಏನು ಮಾಡಬಹುದು ಎಂದು ಕೇಳಿದ್ದೀರಿ. ನನ್ನ ದೃಷ್ಟಿಯಲ್ಲಿ ಕೊರತೆ ಇರುವುದು ಮಕ್ಕಳಲ್ಲಲ್ಲ, ಎರಡು ತರಗತಿಗಳ ನಡುವೆ. ಮೂರು ವರ್ಷ ಕಲಿಕಾ ಏಣಿಯ, ಅಂದರೆ ಹಂತ ಹಂತವಾಗಿ ಜೋಡಿಸಿದ ಕಲಿಕೆಯ ಪಟ್ಟಿಯ, ಮೆಟ್ಟಿಲುಗಳನ್ನು ಚಟುವಟಿಕೆ ಕಾರ್ಡುಗಳ ನೆರವಿನಿಂದ ತನ್ನದೇ ವೇಗದಲ್ಲಿ ಏರುತ್ತ, ಗುಂಪಿನಿಂದ ಗುಂಪಿಗೆ ಸರಿಯುತ್ತಿದ್ದ ಮಗುವಿಗೆ, ಎಲ್ಲರೂ ಒಂದೇ ಪಾಠವನ್ನು ಒಂದೇ ಹೊತ್ತಿಗೆ ಮುಗಿಸಬೇಕೆಂಬ ನಿಯಮ ಇದ್ದಕ್ಕಿದ್ದಂತೆ ಎದುರಾದರೆ ತಬ್ಬಿಬ್ಬಾಗುವುದು ಸಹಜ.

1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಈ ಪದ್ಧತಿ ಆರಂಭವಾದಾಗ ಅದನ್ನು ರೂಪಿಸಿದವರು, ಇಂಥದೇ ವಿಧಾನವಿದ್ದ ಆಂಧ್ರಪ್ರದೇಶದ ಋಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದಿದ್ದ ಸರ್ಕಾರಿ ಶಿಕ್ಷಕರೇ. ಅದು ಮೇಲಿನಿಂದ ಇಳಿದ ಸುತ್ತೋಲೆಯಾಗಿರಲಿಲ್ಲ (ರಾಜ್ಯಕ್ಕೆಲ್ಲ ಹರಡಿದ ಮೇಲೆ ಹಲವೆಡೆ ಹಾಗಾಯಿತೆಂಬುದು ಬೇರೆ ಮಾತು). ಆದ್ದರಿಂದ ಆದೇಶ ಹೊರಡಿಸುವ ಬದಲು, ಫೆಬ್ರವರಿಯಲ್ಲೇ ನಾಲ್ಕನೇ ತರಗತಿಯ ಶಿಕ್ಷಕರನ್ನು ವಾರಕ್ಕೊಂದು ಅವಧಿ ನಲಿಕಲಿ ಕೊಠಡಿಯಲ್ಲಿ ಕೂರಿಸಿ, ಆ ಹೊತ್ತಿಗೆ ಅವರ ತರಗತಿಯನ್ನು ತಾವೇ ತೆಗೆದುಕೊಳ್ಳಿ. ಕೈಯಲ್ಲಿ ವೀಕ್ಷಣಾ ನಮೂನೆ ಬೇಡ, ಅದು ಕಂಡೊಡನೆ ಶಿಕ್ಷಕರು ತಪಾಸಣೆಗೆ ಸಿದ್ಧರಾಗುತ್ತಾರೆಯೇ ಹೊರತು ಮಾತುಕತೆಗಲ್ಲ. ಯಾವ ಮಗು ಯಾವ ಮೆಟ್ಟಿಲಲ್ಲಿ ನಿಂತಿದೆ ಎಂಬ ಪ್ರಗತಿ ನೋಟವು ಜೂನ್‌ಗೆ ಮುನ್ನ ಮುಂದಿನ ಶಿಕ್ಷಕರ ಕೈ ಸೇರಲಿ.

ಬಿಸಿಯೂಟದ ಲೆಕ್ಕ, ಆನ್‌ಲೈನ್ ಮಾಹಿತಿ ಭರ್ತಿಗಳ ನಡುವೆ ಸಮಯವೆಲ್ಲಿದೆ ಎಂಬ ತಮ್ಮ ಆಕ್ಷೇಪ ನ್ಯಾಯವಾದದ್ದೇ. ಆದರೂ ಮೊದಲ ತಿಂಗಳು ದಿನಕ್ಕೊಂದು ಅವಧಿಯನ್ನಾದರೂ ಗುಂಪು ಕಲಿಕೆಗೆ ಮೀಸಲಿಡಿ, ಮೂರನೇ ತರಗತಿಯಲ್ಲಿ ಮುಗಿಯದೆ ಉಳಿದ ಕಾರ್ಡುಗಳನ್ನು ಮಕ್ಕಳು ಅಲ್ಲಿ ಪೂರೈಸಲಿ.