ವೀಸಾ ಮುಗಿದವನಿಗೆ ಕೆಲಸ ಕೊಡುವವರು ಯಾರು?

ಪತ್ರ: ನಮ್ಮ ಓಣಿಯ ಹುಡುಗನೊಬ್ಬ ವಿಸಿಟ್ ವೀಸಾ ಮೇಲೆ ದುಬೈಗೆ ಹೋದ. ವೀಸಾ ಮುಗಿದರೂ ಅಲ್ಲೇ ಇದ್ದಾನೆ. ಹೀಗೆ ಕಳ್ಳರ ಹಾಗೆ ಉಳಿದವರಿಗೆ ಕೆಲಸ ಯಾರು ಕೊಡುತ್ತಾರೆ? ಅವರು ವಾಪಸ್ ಯಾಕೆ ಬರುವುದಿಲ್ಲ? ಕಾನೂನು ಮುರಿದವರ ಬಗ್ಗೆ ನಿಮ್ಮ ಪತ್ರಿಕೆ ಮರುಕ ತೋರಿಸುವುದು ಸರಿಯೇ?
– ಓದುಗರೊಬ್ಬರು, ತಾಳಿಕೋಟೆ

ಉತ್ತರ: ನಿಮ್ಮ ಮೊದಲ ಪ್ರಶ್ನೆ ಬಹಳ ಒಳ್ಳೆಯದು. ಹೆಚ್ಚಿನವರು ಹುಡುಗನನ್ನು ಬೈದು ಸುಮ್ಮನಾಗುತ್ತಾರೆ, ಕೆಲಸ ಕೊಟ್ಟವರ ಸುದ್ದಿಗೇ ಹೋಗುವುದಿಲ್ಲ.

ಕಾನೂನು ಕಾನೂನೇ, ಒಪ್ಪಿದೆ. ಯಾವ ದೇಶವೂ ತನ್ನ ಬಾಗಿಲನ್ನು ಹಾರುಹೊಡೆದು ಇಡಲಾರದು. ಆದರೆ ಆ ಹುಡುಗನನ್ನು ಕಳ್ಳ ಅನ್ನಬೇಡಿ. ಅವನು ಕದ್ದದ್ದು ಏನೂ ಇಲ್ಲ. ಅವನ ಕೂಲಿಯನ್ನೇ ಬೇರೆಯವರು ಕದಿಯುತ್ತಾರೆ.

ದುಬೈನ ದೇರಾ ಕಡೆ ಒಂದು ಕೋಣೆ ಅಂದರೆ ಮೇಲೆ ಕೆಳಗೆ ಮಂಚಗಳ ಸಾಲು. ಬಾಡಿಗೆ ಕೋಣೆಗಲ್ಲ, ಮಂಚಕ್ಕೆ. ಬೆಡ್‌ಸ್ಪೇಸ್ ಅಂತಾರೆ. ಮಂಚಕ್ಕೊಂದು ಪರದೆ, ಕೆಳಗೊಂದು ಸೂಟ್‌ಕೇಸ್, ತಲೆದಿಂಬಿನ ಹತ್ತಿರ ಚಾರ್ಜರ್. ಕೆಲಸದ ಸುದ್ದಿ ಬರುವುದೂ ಪಕ್ಕದ ಮಂಚದಿಂದಲೇ. 'ನಮ್ಮ ಸೈಟಿಗೆ ಇಬ್ಬರು ಬೇಕಂತೆ' ಅಂತ ಊರಿನವನೋ ಪರಿಚಯದವನೋ ಹೇಳುತ್ತಾನೆ. ನಡುವೆ ಆಳು ಪೂರೈಸುವ ಸಪ್ಲೈ ಗುತ್ತಿಗೆದಾರ ಇರುತ್ತಾನೆ. ಲೆಕ್ಕ ತಾಸಿನ ಮೇಲೆ, ದುಡ್ಡು ಕೈಗೆ. ತಿಂಗಳ ಕೊನೆಗೆ ಅರ್ಧ ಕೊಟ್ಟು 'ಮುಂದಿನ ತಿಂಗಳು ನೋಡೋಣ' ಅಂದರೆ ಇವನು ಯಾರ ಹತ್ತಿರ ಹೋಗಬೇಕು? ದೂರು ಕೊಡಲು ಹೋದರೆ ಮೊದಲು ಕೇಳುವುದೇ ವೀಸಾ. ಮನೆಗೆ ಹಣ ಕಳಿಸಬೇಕಾದರೂ ಹಣ ರವಾನಿಸುವ ಎಕ್ಸ್‌ಚೇಂಜ್ ಅಂಗಡಿಯಲ್ಲಿ ಗೆಳೆಯನ ಗುರುತಿನ ಚೀಟಿ ಬೇಕು. ಜ್ವರ ಬಂದರೆ ಮಾತ್ರೆ ನುಂಗಿ ಮಲಗಬೇಕು.

ಇದು ಗಲ್ಫಿನ ಕಥೆ ಮಾತ್ರ ಅಲ್ಲ. ಲಂಡನ್‌ನಲ್ಲಿ ಊಟ ತಲುಪಿಸುವ ಆ್ಯಪ್‌ಗಳಲ್ಲಿ ಬೇರೆಯವರ ಖಾತೆಯನ್ನು ಬಾಡಿಗೆಗೆ ಹಿಡಿದು ಸೈಕಲ್ ತುಳಿಯುವವರಿದ್ದಾರೆ. ನಮ್ಮ ವಿಜಯಪುರದಲ್ಲಿ ಗೌಂಡಿಗಳು ಬುತ್ತಿ ಹಿಡಿದು ಚೌಕದಲ್ಲಿ ನಿಲ್ಲುತ್ತಾರಲ್ಲ, ಲಾಸ್ ಏಂಜಲೀಸ್‌ನಲ್ಲಿ ಕಟ್ಟಡದ ಸಾಮಾನು ಮಾರುವ ಹೋಮ್ ಡಿಪೋ ಅಂಗಡಿಗಳ ಮುಂದೆ ವಲಸೆ ಕೂಲಿಗಳು ಹಾಗೇ ನಿಲ್ಲುತ್ತಾರೆ. ಕಾಗದಪತ್ರ ಇಲ್ಲದವರಿಗೆ ಗೊತ್ತಿದ್ದೂ ಕೆಲಸ ಕೊಡುವುದು ಅಮೆರಿಕದಲ್ಲಿ 1986ರಿಂದ ಕಾನೂನುಬಾಹಿರ. ಆದರೂ 2025ರ ಜೂನ್‌ನಲ್ಲಿ ಆ ಅಂಗಡಿ ಮುಂದಿನಿಂದ ವಲಸೆ ಅಧಿಕಾರಿಗಳು ಹಿಡಿದೊಯ್ದದ್ದು ಕೂಲಿಗಳನ್ನು. ಇಟಲಿಯ ಲಾತಿನಾದಲ್ಲಿ 2024ರ ಜೂನ್‌ನಲ್ಲಿ ಹೊಲದ ಯಂತ್ರಕ್ಕೆ ಸಿಕ್ಕಿ ಪಂಜಾಬಿ ಕೂಲಿಕಾರನೊಬ್ಬನ ಕೈ ತುಂಡಾಯಿತು. ಅವನನ್ನು ಆಸ್ಪತ್ರೆಗೆ ಒಯ್ಯಲಿಲ್ಲ, ಅವನ ಮನೆ ಹತ್ತಿರ ಇಳಿಸಿ ಹೋದರು. ಆತ ಉಳಿಯಲಿಲ್ಲ. ಈಗ ಹೇಳಿ, ಕಾನೂನು ಮುರಿದವರು ಯಾರು?

ವಾಪಸ್ ಯಾಕೆ ಬರುವುದಿಲ್ಲ ಅಂತ ಕೇಳಿದ್ದೀರಿ. ವೀಸಾ ಮುಗಿದ ಮೇಲೆ ದುಬೈನಲ್ಲಿ ದಿನಕ್ಕೆ 50 ದಿರ್ಹಮ್ ದಂಡ. ತಿಂಗಳಿಗೆ 1,500 ಆಯಿತು. ಸಾಮಾನ್ಯ ಕೂಲಿಯ ತಿಂಗಳ ದುಡಿಮೆಯೇ ಅಷ್ಟಿರುವುದಿಲ್ಲ. ದಂಡ ಕಟ್ಟಲು ದುಡಿಯಬೇಕು, ದುಡಿಯಲು ಉಳಿಯಬೇಕು, ಉಳಿದರೆ ದಂಡ ಬೆಳೆಯುತ್ತದೆ. ಏಜೆಂಟನಿಗೆ ಕೊಡಲು ಊರಲ್ಲಿ ಮಾಡಿದ ಸಾಲದ ಬಡ್ಡಿ ಬೇರೆ. 2024ರ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಅಲ್ಲಿನ ಸರ್ಕಾರ ದಂಡ ಮನ್ನಾ ಮಾಡಿತ್ತು. ಆ ಸುದ್ದಿ ನಿಮ್ಮ ಓಣಿಗೆ ಯಾರಾದರೂ ಮುಟ್ಟಿಸಿದರೇ?

ನಮ್ಮ ದೇಶದ ವಿಷಯಕ್ಕೆ ಬಂದರೆ ನನಗೆ ಸಿಟ್ಟು ಜಾಸ್ತಿ. ಹತ್ತನೇ ತರಗತಿ ಪಾಸಾಗದವರು ಗಲ್ಫ್ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಲು 1983ರ ವಲಸೆ ಕಾಯ್ದೆಯಂತೆ ಅನುಮತಿ ಪಡೆಯಬೇಕು. ನೋಂದಾಯಿತ ಏಜೆಂಟ್ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ಶುಲ್ಕ ತೆಗೆದುಕೊಳ್ಳುವಂತಿಲ್ಲ. ಇದೆಲ್ಲ ಬೇಡ ಅಂತಲೇ ಕಳ್ಳ ಏಜೆಂಟರು ವಿಸಿಟ್ ವೀಸಾ ದಾರಿ ಹಿಡಿಸುತ್ತಾರೆ. ವಲಸಿಗರ ರಕ್ಷಣಾಧಿಕಾರಿಯ ಕಚೇರಿ ಇರುವುದು ಬೆಂಗಳೂರಿನಲ್ಲಿ, ತಾಳಿಕೋಟೆಯಿಂದ ಒಂದು ರಾತ್ರಿಯ ದಾರಿ. ಏಜೆಂಟ್ ಮಾತ್ರ ನಿಮ್ಮ ಚಹಾ ಅಂಗಡಿಯಲ್ಲೇ ಸಿಗುತ್ತಾನೆ. ಹೊರದೇಶದಲ್ಲಿರುವ ತನ್ನ ಜನರಿಗಾಗಿ ಕೇರಳ 1996ರಲ್ಲೇ ನೋರ್ಕಾ ಅಂತ ಇಲಾಖೆ ಮಾಡಿತು. ನಮ್ಮ ಸರ್ಕಾರದವರು ಜನ ಗುಳೆ ಹೋಗುವುದನ್ನು ಮಳೆ ಚಳಿಯಂತೆ ನೋಡುತ್ತಾ ಕೂತಿದ್ದಾರೆ.

ಗೋವಾಕ್ಕೆ ಹೋಗಲು ವೀಸಾ ಬೇಕಿಲ್ಲ, ಅಲ್ವಾ? ಆದರೂ ವಿಜಯಪುರ, ಬಾಗಲಕೋಟೆ ಕಡೆಯಿಂದ ಹೋದವರು ಅಲ್ಲಿ 'ಘಾಟಿ' (ಘಟ್ಟದ ಮೇಲಿನವರು) ಅಂತ ಹೀಯಾಳಿಸಿಕೊಂಡೇ ಗಾರೆ ಹೊತ್ತರು. ಅಲ್ಲಿನ ಬೈನಾ ಬಡಾವಣೆಯಲ್ಲಿ 2004ರಲ್ಲಿ ಮನೆ ಕೆಡವಿದಾಗ ಬೀದಿಗೆ ಬಿದ್ದವರಲ್ಲಿ ನಮ್ಮವರು ಎಷ್ಟು ಜನ! ಆಲಮಟ್ಟಿ ಹಿನ್ನೀರಿಗೆ ಹೊಲ ಬಿಟ್ಟುಕೊಟ್ಟ ಜನ ಇರುವ ಸೀಮೆ ಇದು. ಮನೆ ಬಿಟ್ಟು ಹೋಗುವುದು ಏನೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಮತ್ತೆ ಆ ಹುಡುಗನ ಮೇಲೆ ನಿಮಗೆ ಇಷ್ಟು ಕೋಪ ಯಾಕೆ?

ಪತ್ರ ಬರೆಯುವಷ್ಟು ಅವನ ಯೋಚನೆ ಮಾಡಿದ್ದೀರಿ, ಇನ್ನೊಂದು ಕೆಲಸವನ್ನೂ ಮಾಡಿ. ಅವನ ಮನೆಗೆ ಹೋಗಿ ಪಾಸ್‌ಪೋರ್ಟಿನ ಜೆರಾಕ್ಸ್ ಇದೆಯೇ ಕೇಳಿ. ಇದ್ದರೆ ಫೋಟೊ ತೆಗೆದು ಅವನಿಗೆ ಕಳಿಸಿ. ಪಾಸ್‌ಪೋರ್ಟ್ ಕಳೆದಿದ್ದರೂ, ಯಾರಾದರೂ ಇಟ್ಟುಕೊಂಡಿದ್ದರೂ ದುಬೈನ ಭಾರತೀಯ ಕಾನ್ಸುಲೇಟ್ ಊರಿಗೆ ಮರಳಲು ಎಮರ್ಜೆನ್ಸಿ ಸರ್ಟಿಫಿಕೇಟ್ ಕೊಡುತ್ತದೆ. ಅದಕ್ಕೆ ಈ ಜೆರಾಕ್ಸ್ ಬಹಳ ಉಪಯೋಗ. ಜೊತೆಗೆ ಏಜೆಂಟನಿಗೆ ದುಡ್ಡು ಕೊಟ್ಟ ರಸೀದಿ ಇದ್ದರೆ ಅದನ್ನೂ ತೆಗೆದಿಡಲು ಹೇಳಿ, ಪೊಲೀಸ್ ದೂರಿಗೆ ಬೇಕಾಗುತ್ತದೆ.